ಪಾಲಾರ್ ದಾಟಿ ಬಂದವರ ಕುಡಿ

ಚೆನ್ನೈನ ಎಗ್ಮೋರ್‌ನಲ್ಲಿ ಲೆಕ್ಕಪರಿಶೋಧಕನಾಗಿ 11 ವರ್ಷ ಕಳೆದೆ. ಮಗಳು ಹುಟ್ಟಿದ್ದೂ ಓದುತ್ತಿರುವುದೂ ಇಲ್ಲೇ. ನಮ್ಮೂರು ಯಾವುದೆಂದು ಕೇಳಿದರೆ ಬೆಂಗಳೂರು ಎನ್ನುತ್ತೇನೆ. ಬೆಂಗಳೂರು ಕಟ್ಟಿದವರ ಊರು ಯಾವುದು ಎಂಬುದು ಅವಳ ಮುಂದಿನ ಪ್ರಶ್ನೆ. ಪ್ಯಾಂಥಿಯನ್ ರಸ್ತೆಯ ಕನ್ನೆಮರ ಗ್ರಂಥಾಲಯದಲ್ಲಿ ಕೆಲವು ಶನಿವಾರ ಕೂತು, ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ತಿರುವಿದೆ. ಕೆಂಪೇಗೌಡರ ವಂಶದ ಜಾಡು ಇಲ್ಲಿಂದ ಸುಮಾರು 75 ಕಿ.ಮೀ. ದೂರದ ಕಂಚಿಗೇ ಬಂದು ಮುಟ್ಟಿತು.

ಐತಿಹ್ಯ ಹೀಗಿದೆ. ಕಂಚಿ ಬಳಿಯ ಏಣಮಂಜಿ ಪುತ್ತೂರಿನಲ್ಲಿ ಮೊರಸು ಒಕ್ಕಲಿಗರ ಏಳು ಮಂದಿ ಅಣ್ಣತಮ್ಮಂದಿರಿದ್ದರು. ಹಿರಿಯ ರಣಭೈರೇಗೌಡರ ಮಗಳು ದೊಡ್ಡಮ್ಮನನ್ನು ಅಲ್ಲಿನ ಪಾಳೆಯಗಾರನೊಬ್ಬ ಬಲವಂತವಾಗಿ ಮದುವೆಯಾಗಲು ಹೊರಟ. ಮಾನ ಉಳಿಸಿಕೊಳ್ಳಲು ಇಡೀ ಮನೆತನ ರಾತ್ರೋರಾತ್ರಿ ಬಂಡಿ ಕಟ್ಟಿತು. ಅಡ್ಡಬಂದ ಪಾಲಾರ್ ತುಂಬಿ ಹರಿಯುತ್ತಿತ್ತು. ದೊಡ್ಡಮ್ಮ ಗಂಗೆಯನ್ನು ನೆನೆದು ಕಿವಿಯೋಲೆಯನ್ನು ನೀರಿಗೆ ಅರ್ಪಿಸಿದಾಗ ಹೊಳೆ ದಾರಿ ಬಿಟ್ಟಿತಂತೆ. ಬಂಡಿಗಳು ನಂದಿಬೆಟ್ಟದ ಸೀಮೆಯಲ್ಲಿ ರಾಮಸ್ವಾಮಿ ಬೆಟ್ಟದ ಬುಡಕ್ಕೆ ಬಂದು ನಿಂತವು. ಗುಡಿಸಲು ಎದ್ದವು, ಕಾಡು ಕಡಿದು ಹೊಲವಾಯಿತು, ಆವತಿ ಎಂಬ ಊರಾಯಿತು. ದಾಟಿ ಬಂದ ಪಾಲಾರ್ ಹುಟ್ಟುವುದೂ ಅದೇ ಸೀಮೆಯಲ್ಲಿ!

ಈ ಮನೆತನದ ಕವಲುಗಳೇ ಮುಂದೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳನ್ನು ಆಳಿದವು. ರಣಭೈರೇಗೌಡರ ಮಗ ಜಯಗೌಡರು ಯಲಹಂಕದಲ್ಲಿ ನೆಲೆನಿಂತರು. ಅವರ ನಂತರ ಗಿಡ್ಡೇಗೌಡರು, ಕೆಂಪನಂಜೇಗೌಡರು. ಬಂಡಿಯಲ್ಲಿ ಬಂದವರಿಂದ ಐದನೆಯ ತಲೆಮಾರು ನಮ್ಮ ಕೆಂಪೇಗೌಡರು.

ವಿಜಯನಗರದ ಅಚ್ಯುತರಾಯರ ಕಾಲದಲ್ಲಿ, 1537ರಲ್ಲಿ, ಅವರು ಬೆಂಗಳೂರಿನ ಕೋಟೆಗೆ ಕೈಹಾಕಿದರು. ದೊರೆ 12 ಹೋಬಳಿಗಳನ್ನು ಬಿಟ್ಟುಕೊಟ್ಟರು. ವರಮಾನ 30,000 ವರಹ. ಹಲಸೂರು, ಬೇಗೂರು, ವರ್ತೂರು, ಜಿಗಣಿ, ಕೆಂಗೇರಿ ಎಲ್ಲ ಅದರಲ್ಲಿದ್ದವು. ನಾಲ್ಕು ದಿಕ್ಕಿಗೆ ಎತ್ತು ಹೂಡಿ ಗೆರೆ ಎಳೆಸಿ ಬೀದಿ ಮಾಡಿಸಿದರು ಎಂಬ ಕಥೆ ಎಲ್ಲರಿಗೂ ಗೊತ್ತು. ನನಗೆ ಮುಖ್ಯವೆನಿಸಿದ್ದು ಪೇಟೆಗಳ ಹೆಸರು. ಅರಳೆಪೇಟೆ, ಅಕ್ಕಿಪೇಟೆ, ಕುಂಬಾರಪೇಟೆ, ಬಳೆಪೇಟೆ: ಎಲ್ಲವೂ ಕಸುಬಿನ ಹೆಸರುಗಳು. ಯಾವ ಊರಿನವನಾದರೂ ಕೆಲಸ ಬಲ್ಲವನಿಗೆ ಅಲ್ಲಿ ಜಾಗವಿತ್ತು. ಬಂದವರಿಗೆ ನೀರು ಬೇಕಲ್ಲ, ಕೆಂಪಾಂಬುಧಿ, ಧರ್ಮಾಂಬುಧಿ ಕೆರೆಗಳಾದವು. ಊರಿಗೆ ಹೋದಾಗ ನಾವು ಬಸ್ಸಿಳಿಯುವ ಮೆಜೆಸ್ಟಿಕ್ ಧರ್ಮಾಂಬುಧಿಯ ಅಂಗಳವೇ.

ನೆಲೆ ಕಳೆದುಕೊಳ್ಳುವ ನೋವು ಅವರಿಗೂ ತಪ್ಪಲಿಲ್ಲ. ಅಪ್ಪಣೆಯಿಲ್ಲದೆ ನಾಣ್ಯ ಹೊಡೆಸಿದರೆಂದು ವಿಜಯನಗರದವರು ಅವರನ್ನು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಿಟ್ಟರು. ಸೀಮೆ ಚನ್ನಪಟ್ಟಣದ ಜಗದೇವರಾಯರ ಪಾಲಾಯಿತು. ಬಿಡುಗಡೆಯಾದ ಮೇಲೆ ಸೀಮೆ ಮರಳಿ ಸಿಕ್ಕಿತು. ಗೌಡರು ಮತ್ತೆ ಕೆಲಸಕ್ಕೆ ತೊಡಗಿದರು. 1569ರಲ್ಲಿ ತೀರಿಕೊಂಡರು.

ಇಲ್ಲಿ ನಮ್ಮನ್ನು ಹೊರಗಿನವರೆಂದರೆ ಮುಖ ಸಣ್ಣಗಾಗುತ್ತದೆ. ಊರಿಗೆ ಹೋದಾಗ ಅದೇ ಮಾತನ್ನು ನಾವು ಬೇರೆಯವರಿಗೆ ಸಲೀಸಾಗಿ ಆಡುತ್ತೇವೆ. ಕೆಂಪೇಗೌಡರನ್ನು ಇಂದು ಯಾರೂ ಕಂಚಿಯವರು ಎನ್ನುವುದಿಲ್ಲ. ನಿಂತ ನೆಲದಲ್ಲಿ ಕೆರೆ ತೋಡಿ, ಅಲ್ಲಿನವರ ಕಷ್ಟಸುಖಕ್ಕೆ ಹೆಗಲು ಕೊಟ್ಟದ್ದಕ್ಕೇ ಅವರು ಆ ನೆಲದವರಾದರು. ಹೊರನಾಡಿನಲ್ಲಿ ಸಂಬಳ ಎಣಿಸುವ ನಾವು ಇಲ್ಲಿ ತೋಡಿದ ಕೆರೆ ಯಾವುದು ಎಂದೂ ಒಮ್ಮೆ ಲೆಕ್ಕ ಹಾಕಬೇಕು.