ಗೋಡೆಯ ಮೇಲಿನ ರಾಮಾನುಜನ್

ಸಂಚಿಕೆಗೆ ಮಹನೀಯರೊಬ್ಬರ ಬಗ್ಗೆ ಬರೆದುಕೊಡು ಎಂದು ಗಣಿತದ ಮೇಷ್ಟ್ರು ಫೋನ್ ಮಾಡಿದಾಗ ಮೊದಲು ನೆನಪಾದದ್ದು ನಮ್ಮ ಹತ್ತನೇ ತರಗತಿಯ ಗೋಡೆಯ ಮೇಲಿದ್ದ ಶ್ರೀನಿವಾಸ ರಾಮಾನುಜನ್ ಚಿತ್ರ. ಅದರ ಕೆಳಗಿನ ಬೆಂಚಿನಲ್ಲಿ ನಾನೂ ನನ್ನ ಗೆಳೆಯನೂ ಕೂರುತ್ತಿದ್ದೆವು. ಒಂದೊಂದು ಲೆಕ್ಕವನ್ನೂ ನಾಲ್ಕು ಸಲ ಬರೆದರೆ ಮಾತ್ರ ನನ್ನ ತಲೆಗೆ ಹತ್ತುತ್ತಿತ್ತು. ಅವನು ಕಿಟಕಿಯಾಚೆ ನೋಡುತ್ತಲೇ ಉತ್ತರ ಹೇಳುತ್ತಿದ್ದ. ಹಂತ ಬರೆ ಎಂದರೆ ಮಾತ್ರ ಅವನ ಪೆನ್ನು ನಿಂತುಬಿಡುತ್ತಿತ್ತು.

ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22ರಂದು ಈರೋಡಿನಲ್ಲಿ, ಬೆಳೆದದ್ದು ಕುಂಭಕೋಣದಲ್ಲಿ. ತಂದೆ ಬಟ್ಟೆ ಅಂಗಡಿಯ ಗುಮಾಸ್ತರು. ಸುಮಾರು ಹದಿನಾರನೇ ವಯಸ್ಸಿನಲ್ಲಿ ಅವರ ಕೈಗೆ ಕಾರ್ ಎಂಬವರ ಒಂದು ಪುಸ್ತಕ ಸಿಕ್ಕಿತು. ಈ ಕಾರ್ ದೊಡ್ಡ ಗಣಿತಜ್ಞರೇನಲ್ಲ, ಲಂಡನ್ನಿನಲ್ಲಿ ಹುಡುಗರನ್ನು ಪರೀಕ್ಷೆಗೆ ತಯಾರು ಮಾಡುತ್ತಿದ್ದ ಟ್ಯೂಷನ್ ಮೇಷ್ಟ್ರು. ಪುಸ್ತಕದ ತುಂಬ ಸಾವಿರಾರು ಸೂತ್ರಗಳು, ಸಾಧನೆ ಹೆಸರಿಗೆ ಮಾತ್ರ. ನಮ್ಮ ಕಾಲದ ಗೈಡು ಇದ್ದ ಹಾಗೆ ಅನ್ನಿ. ಬೇರೆಯವರಿಗೆ ಬಾಯಿಪಾಠಕ್ಕಾಗಿದ್ದ ಆ ಗೈಡಿನ ಒಂದೊಂದು ಸೂತ್ರವೂ ಈ ಹುಡುಗನಿಗೆ ತಾನೇ ಬಿಡಿಸಬೇಕಾದ ಒಗಟಾಯಿತು. ಕಾಗದ ಕೊಳ್ಳಲು ಕಾಸಿಲ್ಲ. ಸ್ಲೇಟಿನ ಮೇಲೆ ಬಿಡಿಸುವುದು, ಮೊಣಕೈಯಿಂದ ಒರೆಸುವುದು, ಕೊನೆಯ ಫಲಿತಾಂಶವನ್ನಷ್ಟೇ ನೋಟ್‌ಬುಕ್ಕಿಗೆ ಇಳಿಸುವುದು. ಹಂತಗಳೆಲ್ಲ ಅಂಗಿಯ ತೋಳಿಗೆ ಹೋದವು.

1904ರಲ್ಲಿ ವಿದ್ಯಾರ್ಥಿವೇತನದೊಂದಿಗೆ ಕುಂಭಕೋಣದ ಸರ್ಕಾರಿ ಕಾಲೇಜು ಸೇರಿದರು. ಗಣಿತ ಬಿಟ್ಟು ಬೇರೇನೂ ಓದದೆ ಇಂಗ್ಲಿಷಿನಲ್ಲಿ ನಪಾಸಾದರು, ವೇತನ ನಿಂತಿತು. ಮನೆಯಲ್ಲಿ ಹೇಳದೆ ವಿಶಾಖಪಟ್ಟಣಕ್ಕೆ ಓಡಿಹೋದರು. ಮುಂದೆ ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜಿನಲ್ಲೂ ಎಫ್.ಎ. ದಾಟಲಿಲ್ಲ. ಹೊಟ್ಟೆಪಾಡಿಗೆ ಟ್ಯೂಷನ್ ಹೇಳಲು ಹೊರಟರೆ ಪಾಠಪಟ್ಟಿಯೊಳಗೆ ನಿಲ್ಲಲು ಅವರಿಂದ ಆಗುತ್ತಿರಲಿಲ್ಲ. ಪರೀಕ್ಷೆಗೆ ಬೇಕಾದ್ದು ಬಿಟ್ಟು ಅನಂತದ ಕಡೆ ಹೋಗಿಬಿಡುವ ಮೇಷ್ಟ್ರ ಹತ್ತಿರ ಯಾವ ಹುಡುಗ ಉಳಿದಾನು?

1912ರಲ್ಲಿ ಮದ್ರಾಸ್ ಬಂದರಿನ ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತಿಕೆ. 1913ರ ಜನವರಿಯಲ್ಲಿ ಕೇಂಬ್ರಿಜ್‌ನ ಜಿ.ಎಚ್. ಹಾರ್ಡಿಯವರಿಗೆ ಪತ್ರ. 1914ರ ಮಾರ್ಚ್‌ನಲ್ಲಿ ಹಡಗು ಹತ್ತಿದರು.

ನನಗೆ ಮುಖ್ಯವೆನಿಸುವುದು ಇಲ್ಲಿಂದಾಚೆಯ ಭಾಗ. ಬಂದ ಶಿಷ್ಯನಿಗೆ ಯಾರೂ ಕಾಣದ ಸೂತ್ರಗಳು ಗೊತ್ತು, ಆದರೆ ಬಿ.ಎ. ಹುಡುಗರಿಗೆ ಗೊತ್ತಿರುವ ಎಷ್ಟೋ ವಿಷಯ ಗೊತ್ತಿಲ್ಲ. ಸಾಧನೆ ಎಂದರೇನು ಎಂಬುದೇ ಸ್ಪಷ್ಟವಿಲ್ಲ. ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಬರೆದದ್ದರಲ್ಲಿ ತಪ್ಪುಗಳೂ ಇದ್ದವು. ಮೊದಲಿನಿಂದ ಪಾಠ ಶುರುಮಾಡಿದರೆ ಆತ್ಮವಿಶ್ವಾಸ ಕುಸಿದು ಆ ಒಳನೋಟವೇ ಬತ್ತಿಹೋದರೆ? ಹಾಗೆಂದು ಕಲಿಸದೆ ಬಿಟ್ಟರೆ ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಹಾರ್ಡಿಯ ಜೊತೆಗಾರ ಲಿಟಲ್‌ವುಡ್ ಪಾಠ ಹೇಳಲು ಕೂತರೆ, ಒಂದು ವಿಷಯ ಎತ್ತಿದ ಕೂಡಲೇ ರಾಮಾನುಜನ್ ಹತ್ತು ಹೊಸ ಯೋಚನೆ ಸುರಿಯುತ್ತಿದ್ದರು, ಪಾಠ ಅಲ್ಲಿಗೇ ನಿಲ್ಲುತ್ತಿತ್ತು. ಕೊನೆಗೆ ಹಾರ್ಡಿ ತಮ್ಮ ಕ್ರಮವನ್ನೇ ಬದಲಿಸಿಕೊಂಡರು. ಜೊತೆಗೆ ಕೂತು ಒಂದೇ ಸಮಸ್ಯೆಯ ಮೇಲೆ ಕೆಲಸ ಮಾಡುವುದು, ಸಾಧನೆಯ ಅಗತ್ಯ ಬಂದಲ್ಲಿ ಆಗಷ್ಟೇ ಅದನ್ನು ಕಲಿಸುವುದು.

ಒಂದು ಸಂಖ್ಯೆಯನ್ನು ಎಷ್ಟು ಬಗೆಯಲ್ಲಿ ಕೂಡಿಸಿ ಪಡೆಯಬಹುದು ಎಂಬುದು ಅಂಥ ಒಂದು ಸಮಸ್ಯೆ. 4ಕ್ಕೆ 5 ಬಗೆ: 4, 3+1, 2+2, 2+1+1, 1+1+1+1. 200ಕ್ಕೆ? ಮೇಜರ್ ಮ್ಯಾಕ್‌ಮಹೋನ್ ಕೈಯಲ್ಲೇ ಲೆಕ್ಕ ಹಾಕಿ 3972999029388 ಎಂದರು. ಹಾರ್ಡಿ ಮತ್ತು ರಾಮಾನುಜನ್ ಅವರ ಸೂತ್ರದ ಮೊದಲ ಎಂಟೇ ಪದಗಳು ಅದೇ ಉತ್ತರಕ್ಕೆ ಬಂದು ನಿಂತವು, ವ್ಯತ್ಯಾಸ 0.004ರಷ್ಟು. ಕಂಪ್ಯೂಟರಿನ ಮುಂದೆಯೇ ದಿನ ಕಳೆಯುವ ನನಗೆ ಇದು ಇಂದಿಗೂ ಮೈ ಜುಮ್ಮೆನ್ನಿಸುತ್ತದೆ.

1918ರಲ್ಲಿ ಅವರು ರಾಯಲ್ ಸೊಸೈಟಿಯ ಫೆಲೋ ಆದರು. ಅಷ್ಟರಲ್ಲಿ ಕಾಯಿಲೆ ಹಿಡಿದಿತ್ತು. 1919ರಲ್ಲಿ ಊರಿಗೆ ಮರಳಿದರು, 1920ರ ಏಪ್ರಿಲ್ 26ರಂದು ತೀರಿಕೊಂಡರು. ವಯಸ್ಸು 32.

ಇದನ್ನೆಲ್ಲ ನಾನು ಓದಿದ್ದು ಬಿ.ಇ. ಮಾಡುವಾಗ. ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗೆಳೆಯ ಇಂಗ್ಲಿಷಿನಲ್ಲಿ ನಪಾಸಾದಾಗ ಪೂರಕ ಪರೀಕ್ಷೆಗೆ ಅವನನ್ನು ಓದಿಸಿದವನು ನಾನೇ. ನನಗೆ ಒಗ್ಗಿದ್ದು ಅವನಿಗೂ ಒಗ್ಗುತ್ತದೆಂದು ಪ್ರತಿ ಉತ್ತರವನ್ನೂ ಹತ್ತು ಸಲ ಬರೆಸಿದೆ. ನಾಲ್ಕನೇ ದಿನದಿಂದ ಅವನು ಬರಲಿಲ್ಲ. ಸೋಮಾರಿ ಎಂದು ಬೈದು ಸುಮ್ಮನಾದೆ.

ಈಗ ಅವನು ಊರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಮಗಳು ನಮ್ಮ ಶಾಲೆಯಲ್ಲೇ ಎಂಟನೇ ತರಗತಿ. ಭಾನುವಾರ ಸಂಜೆ ಫೋನಿನಲ್ಲಿ ಲೆಕ್ಕ ಕೇಳುತ್ತಾಳೆ, ಅಪ್ಪನಂತೆಯೇ ಉತ್ತರ ಮೊದಲು. ಬರೆ ಎಂದು ನಾನು ಹೇಳುವುದಿಲ್ಲ. ಹೇಗೆ ಹೊಳೆಯಿತು ಹೇಳಮ್ಮ ಎನ್ನುತ್ತೇನೆ. ಅವಳು ಹೇಳುತ್ತಾ ಹೋಗುತ್ತಾಳೆ, ಹಂತಗಳನ್ನು ಈ ಕಡೆ ನಾನು ಬರೆದುಕೊಳ್ಳುತ್ತೇನೆ.