ಕೇಳಿಸಿಕೊಳ್ಳದ ಸಾಕ್ಷ್ಯ

ಕಥೆಯನ್ನು ಪ್ರೀತಿಸುವವನಿಗೆ ಶಾಸ್ತ್ರವು ಒಗ್ಗದೆಂದೂ, ಶಾಸ್ತ್ರವನ್ನು ನೆಚ್ಚಿದವನು ಪುರಾಣವನ್ನು ಹಳಿಯಲೇಬೇಕೆಂದೂ ನಮ್ಮಲ್ಲಿ ಒಂದು ಎಣಿಕೆಯುಂಟು. ಅದು ಸರಿಯಲ್ಲವೆಂಬುದಕ್ಕೆ ಅಮೆರಿಕದ ಮಾನವಶಾಸ್ತ್ರಜ್ಞ ಫೇ-ಕೂಪರ್ ಕೋಲ್ ಅವರ ಬಾಳೇ ನಿದರ್ಶನ.

1881ರಲ್ಲಿ ಮಿಷಿಗನ್ ಪ್ರಾಂತದಲ್ಲಿ ಜನಿಸಿದ ಕೋಲ್, ಷಿಕಾಗೋ ನಗರದ ಫೀಲ್ಡ್ ವಸ್ತುಸಂಗ್ರಹಾಲಯದ ಪರವಾಗಿ ಫಿಲಿಪ್ಪೀನ್ಸ್ ದ್ವೀಪಗಳಿಗೆ ತೆರಳಿ, ಪತ್ನಿ ಮೇಬಲ್ ಅವರೊಡನೆ ಅಲ್ಲಿನ ಗುಡ್ಡಗಾಡಿನ ಜನರ ನಡುವೆ ದೀರ್ಘಕಾಲ ನೆಲೆಸಿದರು. ಟಿಂಗ್ವಿಯನ್ ಜನರ ಪುರಾಣಕಥೆಗಳನ್ನು ಶ್ರದ್ಧೆಯಿಂದ ಸಂಗ್ರಹಿಸಿ 1915ರಲ್ಲಿ ಪ್ರಕಟಿಸಿದರು. 1924ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಾಪಕರಾದರು.

ಮರುವರ್ಷದ ಮಾರ್ಚಿಯಲ್ಲಿ ಟೆನೆಸ್ಸೀ ಪ್ರಾಂತವು, ಮಾನವನು ಕೆಳಗಿನ ಪ್ರಾಣಿವರ್ಗದಿಂದ ಬಂದವನೆಂದು ಸರ್ಕಾರಿ ಶಾಲೆಗಳಲ್ಲಿ ಬೋಧಿಸುವುದನ್ನು ನಿಷೇಧಿಸಿತು. ಡೇಟನ್ ಎಂಬ ಸಣ್ಣ ಊರಿನ ಉಪಾಧ್ಯಾಯ, 24 ವರ್ಷದ ಜಾನ್ ಸ್ಕೋಪ್ಸ್ ಜುಲೈ ತಿಂಗಳಲ್ಲಿ ವಿಚಾರಣೆಗೆ ಗುರಿಯಾದನು. ಅವನ ಪರ ವಾದಿಸಲು ನಿಂತ ವಕೀಲ ಕ್ಲಾರೆನ್ಸ್ ಡ್ಯಾರೋ ಕರೆಸಿದ ವಿದ್ವಾಂಸರಲ್ಲಿ ಕೋಲ್ ಒಬ್ಬರು. ಆದರೆ ಸ್ಕೋಪ್ಸ್ ಕಾನೂನನ್ನು ಮೀರಿದನೇ ಎಂಬುದಷ್ಟೇ ಪ್ರಶ್ನೆ, ವಿಕಾಸವಾದವು ನಿಜವೋ ಅಲ್ಲವೋ ಎಂಬುದಲ್ಲ ಎಂದು ನ್ಯಾಯಾಧೀಶರು ತೀರ್ಮಾನಿಸಿದರು. ಮಾನವದೇಹದ ರಚನೆಯನ್ನೂ, ಭೂಮಿಯ ಪದರಗಳಲ್ಲಿ ದೊರೆತ ಪ್ರಾಚೀನ ಅಸ್ಥಿಗಳನ್ನೂ ವಿವರಿಸುವ ಕೋಲ್ ಅವರ ಸಾಕ್ಷ್ಯವನ್ನು ಪಂಚರು ಕೇಳಲೇ ಇಲ್ಲ. ಅದು ಲಿಖಿತ ಹೇಳಿಕೆಯಾಗಿ ಕಡತವನ್ನು ಸೇರಿತು. ಸ್ಕೋಪ್ಸ್‌ಗೆ 100 ಡಾಲರ್ ದಂಡವಾಯಿತು. 1927ರಲ್ಲಿ ಮೇಲಿನ ನ್ಯಾಯಾಲಯವು ವಿಧಿವಿಧಾನದ ಲೋಪವೊಂದನ್ನು ಹಿಡಿದು ದಂಡವನ್ನು ರದ್ದುಪಡಿಸಿತಾದರೂ ಕಾನೂನು ಹಾಗೆಯೇ ಉಳಿಯಿತು.

ಸೋತ ಸಾಕ್ಷಿಯು ಮುನಿಸಿಕೊಂಡು ಕೂರಲಿಲ್ಲ. 1929ರಲ್ಲಿ ತಮ್ಮ ವಿಶ್ವವಿದ್ಯಾನಿಲಯದಲ್ಲಿ ಮಾನವಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವನ್ನು ಕಟ್ಟಿದರು. ಇಲಿನಾಯ್ ಪ್ರಾಂತದ ಹಳೆಯ ದಿಬ್ಬಗಳ ಬಳಿಗೆ ವಿದ್ಯಾರ್ಥಿಗಳನ್ನು ಕರೆದೊಯ್ದು, ಮಣ್ಣನ್ನು ಓದುವ ಬಗೆಯನ್ನು ಕಲಿಸಿದರು. 1937ರಲ್ಲಿ ಮೇಬಲ್ ಅವರೊಡಗೂಡಿ ಮನುಷ್ಯನ ಕಥೆಯನ್ನು ಸಾಮಾನ್ಯರಿಗೆ ತಿಳಿಯುವಂತೆ ಬರೆದರು. 1959ರಲ್ಲಿಯೂ, ಮುಪ್ಪಿನಲ್ಲಿ, ಡೇಟನ್ನಿನ ನೆನಪನ್ನು ಪತ್ರಿಕೆಯೊಂದಕ್ಕೆ ಬರೆದುಕೊಟ್ಟರು. 1961ರಲ್ಲಿ ಅವರು ತೀರಿಕೊಂಡರು. ಆ ಕಾನೂನು ರದ್ದಾದದ್ದು 1967ರಲ್ಲಿ, ನೋಡಲು ಅವರಿರಲಿಲ್ಲ.

ಇದು ದೂರದೇಶದ ಹಳೆಯ ಕಥೆಯೆಂದು ನಾನು ಸುಮ್ಮನಿರಲಾರೆ. 2023ರಲ್ಲಿ ನಮ್ಮಲ್ಲಿಯೇ, ಓದಿನ ಹೊರೆಯನ್ನು ಇಳಿಸುವ ಕಾರಣದಿಂದ, ಎನ್.ಸಿ.ಇ.ಆರ್.ಟಿ.ಯ ಹತ್ತನೆಯ ತರಗತಿಯ ವಿಜ್ಞಾನಪುಸ್ತಕದಲ್ಲಿ ಆನುವಂಶೀಯತೆಯ ಪಾಠವು ಉಳಿದು ವಿಕಾಸದ ಭಾಗವು ಬಿಟ್ಟುಹೋಯಿತು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಅದು ಇದೆಯಲ್ಲ ಎಂಬುದು ಸಮಾಧಾನ. ಆದರೆ ನಮ್ಮ ಸೋಮನಹಳ್ಳಿಯಂಥ ಊರಿನಲ್ಲಿ ಹತ್ತರ ಬಳಿಕ ಜೀವಶಾಸ್ತ್ರವನ್ನು ಆರಿಸಿಕೊಳ್ಳುವ ಮಕ್ಕಳೆಷ್ಟು ಮಂದಿ? ಉಳಿದವರ ಪಾಲಿಗೆ ಹತ್ತನೆಯ ತರಗತಿಯೇ ವಿಜ್ಞಾನದ ಕೊನೆಯ ಬಾಗಿಲು. ಅಲ್ಲಿ ಕೇಳದೆ ಹೋದದ್ದನ್ನು ಅವರು ಬಾಳಿನಲ್ಲಿ ಮತ್ತೆಲ್ಲಿ ಕೇಳಬೇಕು?

ನಾನು ಕನ್ನಡದ ಅಧ್ಯಾಪಕ. ಪಂಪನ ಆದಿಪುರಾಣದ ಭವಾವಳಿಗಳನ್ನು ಪಾಠ ಹೇಳುವಾಗ ಒಂದು ಜೀವವು ಹಲವು ದೇಹಗಳನ್ನು ಹಾದುಬರುವ ಆ ಕಲ್ಪನೆಗೆ ಇಂದಿಗೂ ಮನಸೋಲುತ್ತೇನೆ. ಅದು ಆತ್ಮದ ಮಾತು. ಎಲುಬಿನ ಮಾತು ಬೇರೆ. ಟಿಂಗ್ವಿಯನ್ನರ ಕಥೆಗಳನ್ನು ಜತನದಿಂದ ಬರೆದುಕೊಂಡ ಕೈಯೇ ಡೇಟನ್ನಿನ ಹೇಳಿಕೆಯನ್ನೂ ಬರೆಯಿತು. ಎರಡನ್ನೂ ಕಲಿತ ಹುಡುಗನಿಗೆ ಪಂಪನು ಕಿರಿದಾಗುವುದಿಲ್ಲ. ಒಂದನ್ನು ಮುಚ್ಚಿಟ್ಟರೆ ಮಾತ್ರ, ಮುಂದೆ ಅದನ್ನು ಅರಿತ ದಿನ, ಅವನು ನಮ್ಮೆಲ್ಲರ ಪಾಠವನ್ನೂ ಶಂಕಿಸಿಯಾನು.