ಗಡಿಯಾರದ ಸಾಧಕ ಅಕಾಹಾನೆ

ಬೆಳಿಗ್ಗೆ ಎದ್ದು ಮುಖ ತೊಳೆದ ಕೂಡಲೇ ಕೈಗಡಿಯಾರಕ್ಕೆ ಕೀಲಿ ಕೊಡುವುದು ಒಂದು ಕಾಲದಲ್ಲಿ ನಮ್ಮ ಹಿರಿಯರ ನಿತ್ಯವಿಧಿಯಾಗಿತ್ತು. 1961ರಲ್ಲಿ ಎಚ್.ಎಂ.ಟಿ. ಸಂಸ್ಥೆಯು ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಕೈಗಡಿಯಾರಗಳ ಕಾರ್ಖಾನೆಯನ್ನು ತೆರೆಯಿತು. ಆಮೇಲೆ ಹುಣಸೂರು, ಪಿರಿಯಾಪಟ್ಟಣಗಳಂತಹ ಊರುಗಳ ಮದುವೆಗಳಲ್ಲಿಯೂ ವರನಿಗೆ ಕೊಡುವ ಉಡುಗೊರೆಗಳಲ್ಲಿ ಗಡಿಯಾರವು ಸೇರಿಕೊಂಡಿತು. ಕೀಲಿ ಕೊಡಲು ಮರೆತರೆ ಗಡಿಯಾರ ನಿಲ್ಲುತ್ತಿತ್ತು. ಮರೆಯದಿದ್ದರೂ ದಿನಕ್ಕೆ ಹತ್ತಿಪ್ಪತ್ತು ಸೆಕೆಂಡು ಹಿಂದೆಯೋ ಮುಂದೆಯೋ ಆಗುತ್ತಿತ್ತು. ರೇಡಿಯೋದ ವಾರ್ತೆಗೆ ಮುಳ್ಳನ್ನು ಸರಿಹೊಂದಿಸಿಕೊಳ್ಳುವುದೂ ಆ ವಿಧಿಯ ಒಂದು ಭಾಗವಾಗಿತ್ತು.

ಇಂತಹ ಗಡಿಯಾರದೊಳಗೆ ನಡೆಯುವುದೇನು? ಹೆಗ್ಗಡದೇವನಕೋಟೆಯ ಕಬಿನಿ ಅಣೆಕಟ್ಟನ್ನು ನೆನೆಯಿರಿ. ಮಳೆಗಾಲದಲ್ಲಿ ತುಂಬಿದ ನೀರನ್ನು ಒಮ್ಮೆಲೇ ಹರಿಯಬಿಟ್ಟರೆ ಹೊಲ ಕೊಚ್ಚಿಹೋಗುತ್ತದೆ. ಬಾಗಿಲುಗಳನ್ನು ಅಳತೆಯರಿತು ತೆರೆದರೆ ಮಾತ್ರ ಅದು ನೀರಾವರಿಯಾಗುತ್ತದೆ. ಗಡಿಯಾರದಲ್ಲಿ ಸುರುಳಿಯಾಗಿ ಬಿಗಿದ ಉಕ್ಕಿನ ಸ್ಪ್ರಿಂಗೇ ಅಣೆಕಟ್ಟು. ಹಿಂದೆ ಮುಂದೆ ಓಲಾಡುವ ಒಂದು ಪುಟ್ಟ ಚಕ್ರವೇ ಅದರ ಬಾಗಿಲು. ಸ್ಪ್ರಿಂಗಿನ ಬಲವನ್ನು ಆ ಚಕ್ರವು ತುಣುಕು ತುಣುಕಾಗಿ ಬಿಟ್ಟುಕೊಡುತ್ತದೆ. ನಮಗೆ ಕೇಳಿಸುವ ಟಿಕ್ ಟಿಕ್ ಎಂಬ ಸದ್ದು ಈ ಬಾಗಿಲು ತೆರೆದು ಮುಚ್ಚುವ ಸದ್ದೇ ಆಗಿದೆ. ಆದರೆ ಸೆಕೆ ಚಳಿಗಳಿಗೂ, ಕೈಯ ಅಲುಗಾಟಕ್ಕೂ, ಎಣ್ಣೆಯ ಜಿಗುಟಿಗೂ ಈ ಚಕ್ರದ ಲಯ ಸ್ವಲ್ಪ ಕೆಡುತ್ತದೆ. ಶತಮಾನಗಳ ಕಾಲ ಗಡಿಯಾರದ ಕುಶಲಕರ್ಮಿಗಳು ಈ ಸ್ವಲ್ಪವನ್ನು ಕಡಿಮೆ ಮಾಡಲು ಶ್ರಮಿಸಿದರು. ಇಲ್ಲವಾಗಿಸಲು ಯಾರಿಂದಲೂ ಆಗಲಿಲ್ಲ.

ಆ ಬಾಗಿಲನ್ನೇ ಬದಲಾಯಿಸಿದವರು ಯೋಶಿಕಾಜು ಅಕಾಹಾನೆ.

ಜಪಾನಿನ ನಡುನಾಡಿನಲ್ಲಿ, ಬೆಟ್ಟಗಳು ಸುತ್ತುವರಿದ ನಾಗಾನೋ ಪ್ರಾಂತದಲ್ಲಿ, ಸುವಾ ಎಂಬ ಸರೋವರವಿದೆ. ನಮ್ಮ ಮೈಸೂರು ಸೀಮೆಯಂತೆಯೇ ಆ ಸೀಮೆಯೂ ಒಂದು ಕಾಲದಲ್ಲಿ ರೇಷ್ಮೆಗೆ ಹೆಸರಾಗಿತ್ತು. 1942ರಲ್ಲಿ ಆ ಸರೋವರದ ದಡದ ಊರಿನಲ್ಲಿ ಗಡಿಯಾರದ ಉದ್ಯಮವೊಂದು ಹುಟ್ಟಿಕೊಂಡಿತು. ಅದೇ ಮುಂದೆ ಸುವಾ ಸೈಕೋಷಾ ಎಂದೂ, 1985ರಿಂದ ಸೈಕೋ ಎಪ್ಸನ್ ಎಂದೂ ಹೆಸರು ಪಡೆಯಿತು. 1969ರ ಡಿಸೆಂಬರ್ 25ರಂದು ಮಾರಾಟಕ್ಕೆ ಬಂದ ಆಸ್ಟ್ರಾನ್ ಎಂಬ ಕ್ವಾರ್ಟ್ಸ್ ಕೈಗಡಿಯಾರವು ಈ ಕಾರ್ಖಾನೆಯ ಶಿಶು. ಕ್ವಾರ್ಟ್ಸ್ ಎಂಬುದು ಒಂದು ಬಗೆಯ ಸ್ಫಟಿಕ. ವಿದ್ಯುತ್ತನ್ನು ಹಾಯಿಸಿದರೆ ಅದು ಅಚ್ಚುಕಟ್ಟಾದ ಲಯದಲ್ಲಿ ಕಂಪಿಸುತ್ತದೆ. ಆ ಕಂಪನಗಳನ್ನೆಣಿಸಿ ಕಾಲವನ್ನು ತೋರಿಸುವ ಆಸ್ಟ್ರಾನ್ ತಿಂಗಳಿಗೆ ಐದು ಸೆಕೆಂಡುಗಳಿಗಿಂತ ಹೆಚ್ಚು ತಪ್ಪುತ್ತಿರಲಿಲ್ಲ. ಮೊದಮೊದಲು ಅದರ ಬೆಲೆ ಬಹಳವಿತ್ತು. ಕೆಲವೇ ವರ್ಷಗಳಲ್ಲಿ ಕ್ವಾರ್ಟ್ಸ್ ಗಡಿಯಾರಗಳು ಅಗ್ಗವಾದವು. ಗಡಿಯಾರಗಳ ತವರೆನಿಸಿದ ಸ್ವಿಟ್ಜರ್ಲೆಂಡಿನಲ್ಲಿ 1970ರಲ್ಲಿ ಈ ಕಸುಬನ್ನು ನಂಬಿದ್ದ ಸುಮಾರು 90,000 ಕೆಲಸಗಾರರಲ್ಲಿ, ಮುಂದಿನ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಮೂರನೆಯ ಒಂದು ಭಾಗದಷ್ಟು ಜನ ಉಳಿದರು. ಸ್ಪ್ರಿಂಗಿನ ಕಾಲ ಮುಗಿಯಿತೆಂದೇ ಬಲ್ಲವರೂ ಭಾವಿಸಿದರು.

ಅಕಾಹಾನೆಯವರು ಸುವಾ ಕಾರ್ಖಾನೆಯನ್ನು ಸೇರಿದ್ದು 1971ರಲ್ಲಿ, ಕ್ವಾರ್ಟ್ಸಿನ ವಿಜಯಯಾತ್ರೆಯ ಹೊಸ್ತಿಲಲ್ಲಿ. ಆ ವಿಜಯವನ್ನು ಗಳಿಸಿದ ಸಂಸ್ಥೆಯಲ್ಲಿದ್ದುಕೊಂಡೇ ಅವರು ಸ್ಪ್ರಿಂಗಿನ ಬಗ್ಗೆ ಯೋಚಿಸುತ್ತಿದ್ದರೆಂಬುದು ವಿಚಿತ್ರವೆನಿಸಬಹುದು. ಅವರು ಕ್ವಾರ್ಟ್ಸನ್ನು ತಿರಸ್ಕರಿಸಿದವರಲ್ಲ. ಸ್ಫಟಿಕದ ನಿಖರತೆಯನ್ನು ಅವರು ಮೆಚ್ಚಿದ್ದರು. ಆದರೆ ಕ್ವಾರ್ಟ್ಸ್ ಗಡಿಯಾರವು ಬ್ಯಾಟರಿಯ ಹಂಗಿನಲ್ಲಿತ್ತು. ಬ್ಯಾಟರಿ ಬತ್ತಿದರೆ ಅದು ನಿಂತುಹೋಗುತ್ತದೆ; ಸ್ಪ್ರಿಂಗಿನ ಗಡಿಯಾರಕ್ಕಾದರೋ ಮನುಷ್ಯನ ಎರಡು ಬೆರಳುಗಳೇ ಸಾಕು. ಸ್ಪ್ರಿಂಗಿನ ಬಲದಿಂದಲೇ ನಡೆಯುವ, ದಿನಕ್ಕೆ ಒಂದು ಸೆಕೆಂಡಿಗಿಂತ ಹೆಚ್ಚು ತಪ್ಪದ, ಬಹುಕಾಲ ಬಾಳುವ ಗಡಿಯಾರವೊಂದನ್ನು ಮಾಡಬೇಕೆಂದು 1977ರಲ್ಲಿ ಅವರು ನಿಶ್ಚಯಿಸಿದರು.

ಈ ಯೋಚನೆಗೆ ಒಂದು ರೂಪ ಬಂದದ್ದು ಸೈಕಲ್ಲಿನ ಮೇಲೆ ಎಂದು ಹೇಳುತ್ತಾರೆ. ಇಳಿಜಾರಿನಲ್ಲಿ ಸೈಕಲ್ ಇಳಿಯುವಾಗ ಯಾರೂ ತುಳಿಯುವುದಿಲ್ಲ. ಇಳಿಜಾರೇ ಸೈಕಲ್ಲನ್ನು ಎಳೆದುಕೊಂಡು ಹೋಗುತ್ತದೆ. ಸವಾರನ ಕೆಲಸವೆಲ್ಲ ಬ್ರೇಕಿನದು. ವೇಗ ಮಿತಿಮೀರಿದಾಗ ಒತ್ತುವುದು, ತಗ್ಗಿದಾಗ ಬಿಡುವುದು. ಹೆಗ್ಗಡದೇವನಕೋಟೆಯ ಕಡೆಯ ಏರುತಗ್ಗಿನ ದಾರಿಗಳಲ್ಲಿ ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಯಾವ ಹುಡುಗನಿಗೂ ಇದು ತಿಳಿದ ವಿದ್ಯೆಯೇ. ಸ್ಪ್ರಿಂಗು ಬಿಚ್ಚಿಕೊಳ್ಳುವುದೂ ಒಂದು ಇಳಿಜಾರು. ಅಲ್ಲಿಯೂ ಹೀಗೆಯೇ ಬ್ರೇಕು ಹಿಡಿದರೆ ಚಕ್ರಗಳೆಲ್ಲ ಒಂದೇ ವೇಗದಲ್ಲಿ ಸಾಗಲಾರವೇ ಎಂಬುದು ಅಕಾಹಾನೆಯವರ ಪ್ರಶ್ನೆಯಾಗಿತ್ತು.

ಅವರು ಓಲಾಡುವ ಚಕ್ರವನ್ನು ತೆಗೆದುಹಾಕಿದರು. ಹಲ್ಲುಚಕ್ರಗಳ ಸಾಲಿನ ಕೊನೆಗೆ ಒಂದೇ ದಿಕ್ಕಿನಲ್ಲಿ ಸುತ್ತುವ ಒಂದು ಸಣ್ಣ ಕಾಂತಚಕ್ರವನ್ನು ಇರಿಸಿದರು. ಅದು ಸೆಕೆಂಡಿಗೆ ಎಂಟು ಸುತ್ತು ಸುತ್ತಬೇಕು. ಸುತ್ತುವಾಗ ಪಕ್ಕದ ತಂತಿಯ ಸುರುಳಿಯಲ್ಲಿ, ವಿದ್ಯುದಾಗಾರದ ಜನರೇಟರಿನಲ್ಲಿ ಆಗುವಂತೆಯೇ, ತುಸು ವಿದ್ಯುತ್ತು ಹುಟ್ಟುತ್ತದೆ. ಆ ವಿದ್ಯುತ್ತಿನಿಂದ ಸ್ಫಟಿಕವು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದರ ಲಯಕ್ಕೂ ಚಕ್ರದ ವೇಗಕ್ಕೂ ತಾಳೆ ನೋಡುವುದು ಐ.ಸಿ. ಎಂಬ ವಿದ್ಯುನ್ಮಾನದ ಬಿಲ್ಲೆಯ ಕೆಲಸ. ಚಕ್ರವು ಮುಂದೆ ಓಡಿದರೆ ತಂತಿಯ ಸುರುಳಿಯ ಮೂಲಕ ಅಯಸ್ಕಾಂತದ ಬ್ರೇಕು ಬೀಳುತ್ತದೆ, ಸರಿಹೋದೊಡನೆ ಸಡಿಲವಾಗುತ್ತದೆ. ಈ ಬ್ರೇಕು ಚಕ್ರವನ್ನು ಮುಟ್ಟುವುದಿಲ್ಲ, ಸವೆಯಿಸುವುದೂ ಇಲ್ಲ. ಬ್ಯಾಟರಿಯಿಲ್ಲ, ಮೋಟಾರೂ ಇಲ್ಲ. ಮುಳ್ಳುಗಳನ್ನು ತಿರುಗಿಸುವುದು ಸ್ಪ್ರಿಂಗು, ಅವುಗಳಿಗೆ ಶಿಸ್ತು ಕಲಿಸುವುದು ಸ್ಫಟಿಕ.

ಹೇಳುವಾಗ ಇದು ಸುಲಭವೆನಿಸುತ್ತದೆ. ತೊಡಕೆಲ್ಲ ಇದ್ದದ್ದು ಜಮಾಖರ್ಚಿನಲ್ಲಿ. ಕೀಲಿ ಕೊಟ್ಟ ಸ್ಪ್ರಿಂಗಿನಲ್ಲಿರುವ ಶಕ್ತಿ ಅತ್ಯಲ್ಪ. ಮುಳ್ಳುಗಳನ್ನು ತಿರುಗಿಸಿದ ಮೇಲೆ ಉಳಿಯುವುದು ಇನ್ನೂ ಅಲ್ಪ. ಅಷ್ಟರಲ್ಲಿಯೇ ಐ.ಸಿ.ಯೂ ಸ್ಫಟಿಕವೂ ಜೀವ ಹಿಡಿದುಕೊಳ್ಳಬೇಕು. 1982ರಲ್ಲಿ ಮೊದಲ ಮಾದರಿ ಸಿದ್ಧವಾಯಿತು. ಕೀಲಿ ಕೊಟ್ಟರೆ ನಲವತ್ತೆಂಟು ಗಂಟೆ ನಡೆಯಬೇಕೆಂಬುದು ಗುರಿಯಾಗಿತ್ತು. ಅದು ನಾಲ್ಕು ಗಂಟೆಗಳಲ್ಲಿ ನಿಂತಿತು. ಅಂದಿನ ಐ.ಸಿ.ಗಳು ಬೇಡುತ್ತಿದ್ದಷ್ಟು ವಿದ್ಯುತ್ತನ್ನು ಆ ಪುಟ್ಟ ಚಕ್ರ ಹುಟ್ಟಿಸಲಾರದಾಗಿತ್ತು. ಎರಡನೆಯ ಪ್ರಯತ್ನವೂ ಇದೇ ಬಂಡೆಗೆ ತಾಗಿ ನಿಂತುಹೋಯಿತು.

ಇಲ್ಲಿ ಸಂಸ್ಥೆಯ ಕಡೆಯಿಂದಲೂ ನೋಡಬೇಕು. ಕ್ವಾರ್ಟ್ಸ್ ಗಡಿಯಾರಗಳು ಜಗತ್ತಿನ ಎಲ್ಲೆಡೆ ಮಾರಾಟವಾಗುತ್ತಿದ್ದವು. ಯಾವ ಗಿರಾಕಿಯೂ ಬಂದು ಇಂತಹದೊಂದು ಗಡಿಯಾರ ಬೇಕೆಂದು ಕೇಳಿರಲಿಲ್ಲ. ಎರಡು ಸಲ ಸೋತ ಕೆಲಸವನ್ನು ಕೈಬಿಟ್ಟಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿಯೂ ಇದನ್ನು ಹೋಲುವ ಯೋಚನೆಯೊಂದು ಎಪ್ಪತ್ತರ ದಶಕದಲ್ಲಿಯೇ ಹಕ್ಕುಪತ್ರ ಪಡೆದಿತ್ತು; ಅಲ್ಲಿಯೂ ಅದು ಅಂಗಡಿಯ ಗಾಜಿನ ಪೆಟ್ಟಿಗೆಯವರೆಗೆ ಬರಲಿಲ್ಲ. ಅಕಾಹಾನೆಯವರ ಯೋಚನೆ ತಪ್ಪಾಗಿರಲಿಲ್ಲ. ಅದನ್ನು ಹೊರಬಲ್ಲ ಬಿಲ್ಲೆ ಇನ್ನೂ ಹುಟ್ಟಿರಲಿಲ್ಲ, ಅಷ್ಟೆ. ಕಾಯುವುದೊಂದೇ ದಾರಿಯಾಗಿತ್ತು. ಅವರು ಕಾದರು.

1993ರಲ್ಲಿ ಮೂರನೆಯ ಪ್ರಯತ್ನ ಆರಂಭವಾಯಿತು. ಅಷ್ಟು ಹೊತ್ತಿಗೆ ಐ.ಸಿ.ಗಳನ್ನು ಮಾಡುವ ವಿದ್ಯೆ ಬಹಳ ಮುಂದುವರಿದಿತ್ತು. ತೋಳಿನ ಚಲನೆಯಿಂದ ವಿದ್ಯುತ್ತು ಹುಟ್ಟಿಸುವ ಗಡಿಯಾರಗಳನ್ನು ಅದೇ ಸಂಸ್ಥೆಯು 1988ರಿಂದ ಮಾರುತ್ತಿತ್ತು. ಹೊಸ ಬಿಲ್ಲೆಗೆ ಸುಮಾರು 25 ನ್ಯಾನೋವಾಟ್ ಶಕ್ತಿ ಸಾಕಾಯಿತು. ಒಂದು ವಾಟನ್ನು ನಾಲ್ಕು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಐ.ಸಿ.ಯ ಹಸಿವನ್ನು ತಗ್ಗಿಸಿದ್ದು ವಿದ್ಯುನ್ಮಾನದವರ ಸಾಧನೆ. ಹಲ್ಲುಚಕ್ರಗಳ ಘರ್ಷಣೆಯನ್ನು ತಗ್ಗಿಸಿದ್ದು ಹಳೆಯ ಕಸುಬನ್ನು ಬಲ್ಲವರ ಕೈ. ಉಕ್ಕನ್ನು ನುಣುಪಾಗಿ ಉಜ್ಜುವ ಆ ಕೈಗಳಿಲ್ಲದಿದ್ದರೆ ಬಿಲ್ಲೆಯೊಂದರಿಂದಲೇ ಈ ಗಡಿಯಾರ ನಡೆಯುತ್ತಿರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಆರುನೂರಕ್ಕೂ ಹೆಚ್ಚು ಮಾದರಿಗಳನ್ನು ಕಟ್ಟಿ ಪರೀಕ್ಷಿಸಲಾಯಿತೆಂದು ಲೆಕ್ಕವಿದೆ.

1997ರಲ್ಲಿ ಈ ಶೋಧವನ್ನು ವಿದ್ವಾಂಸರ ಮುಂದಿಟ್ಟರು. ಮರುವರ್ಷ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಗಡಿಯಾರಗಳ ಪ್ರದರ್ಶನದಲ್ಲಿ ಅದು ಲೋಕದ ಕಣ್ಣಿಗೆ ಬಿತ್ತು. ಅದರ ಹೆಸರು ಸ್ಪ್ರಿಂಗ್ ಡ್ರೈವ್. ತಿಂಗಳಿಗೆ ಹದಿನೈದು ಸೆಕೆಂಡುಗಳ ಒಳಗಿನ ತಪ್ಪು, ಒಮ್ಮೆ ಕೀಲಿ ಕೊಟ್ಟರೆ ನಲವತ್ತೆಂಟು ಗಂಟೆಗಳ ನಡಿಗೆ; 1977ರಲ್ಲಿ ಬಯಸಿದ್ದು ಕೈಗೂಡಿತ್ತು.

ಅದೇ 1998ರಲ್ಲಿ ಅಕಾಹಾನೆಯವರು ತೀರಿಕೊಂಡರು. ಸ್ಪ್ರಿಂಗ್ ಡ್ರೈವ್ ಗಡಿಯಾರಗಳು ಮೊದಲ ಸಲ ಮಾರಾಟಕ್ಕೆ ಬಂದದ್ದು 1999ರಲ್ಲಿ. ಅಂಗಡಿಯಲ್ಲಿ ಅದನ್ನು ಕೊಂಡು ಮಣಿಕಟ್ಟಿಗೆ ಕಟ್ಟಿಕೊಂಡ ಒಬ್ಬನನ್ನೂ ಅವರು ಕಾಣಲಿಲ್ಲ.

ಅವರ ಜೊತೆಗಾರರು ಕೆಲಸವನ್ನು ಮುಂದುವರಿಸಿದರು. 2004ರಲ್ಲಿ ಗ್ರ್ಯಾಂಡ್ ಸೈಕೋ ಎಂಬ ಹೆಸರಿನಲ್ಲಿ ಬಂದ ಸ್ಪ್ರಿಂಗ್ ಡ್ರೈವ್ ಗಡಿಯಾರಕ್ಕೆ ಕೀಲಿ ಕೊಡುವ ಶ್ರಮವೂ ತಪ್ಪಿತು. ತೊಟ್ಟವರ ಕೈ ಅಲುಗಿದಂತೆ ಅದರ ಸ್ಪ್ರಿಂಗು ತಾನೇ ಬಿಗಿದುಕೊಳ್ಳುತ್ತದೆ. ಬಿಚ್ಚಿಟ್ಟರೂ ಎಪ್ಪತ್ತೆರಡು ಗಂಟೆ ನಡೆಯುತ್ತದೆ. ಇದರ ಸೆಕೆಂಡಿನ ಮುಳ್ಳು ಬೇರೆ ಗಡಿಯಾರಗಳಲ್ಲಿರುವಂತೆ ಕುಪ್ಪಳಿಸುವುದಿಲ್ಲ. ಕಿವಿಗೆ ಹಿಡಿದರೆ ಟಿಕ್ ಟಿಕ್ ಎಂಬ ಸದ್ದಿಲ್ಲ. ನಿಂತ ನೀರಿನ ಮೇಲೆ ತೆಪ್ಪ ಸಾಗಿದಂತೆ ಮುಳ್ಳು ಒಂದೇ ಸಮನೆ ಜಾರುತ್ತಾ ಸುತ್ತನ್ನು ಮುಗಿಸುತ್ತದೆ.